ಜಪಾನಿ ಗಾಡಿ, ಬೆಟಗೇರಿ ರಿಪೇರಿ

ಹಳೆಯ ಜಪಾನಿ ಮೋಟಾರ್ ಸೈಕಲ್ಲುಗಳ ಎಂಜಿನ್ನು, ಗೇರ್ ಬಾಕ್ಸು ಬಿಚ್ಚಿ ಮತ್ತೆ ಕಟ್ಟುವುದು ನನ್ನ ಉದ್ಯೋಗ. ಬೆಟಗೇರಿಯ ಒಂದು ಓಣಿಯ ಬಾಯಿಗೇ ನನ್ನ ಗ್ಯಾರೇಜು. ಎಂಜಿನ್ನಿನೊಳಗೆ ಏನಾಗಿದೆ ಎಂದು ನೋಡಬೇಕೆಂದರೆ ನಾಲ್ಕು ಬೋಲ್ಟು ಬಿಚ್ಚಿದರೆ ಆಯಿತು. ಗಾಡಿ ತಂದವರ ತಲೆಯೊಳಗೆ ಏನಿದೆ ಎಂದು ನೋಡುವುದಕ್ಕೆ ಇನ್ನೂ ಸ್ಪ್ಯಾನರ್ ಬಂದಿಲ್ಲ. ಹಾಗಾಗಿ ಇಂಥವೆಲ್ಲ ನಡೆಯುತ್ತಲೇ ಇರುತ್ತವೆ.

ಹೊಗೆ

ಲಕ್ಷ್ಮೇಶ್ವರದ ಶೇಂಗಾ ವ್ಯಾಪಾರಿಯೊಬ್ಬರು ತಮ್ಮ ಟೂ-ಸ್ಟ್ರೋಕ್ ಗಾಡಿ ತಂದಿದ್ದರು. ಅದು ಮುಂದೆ ಹೋದರೆ ಹಿಂದೆ ಬರುವವರಿಗೆ ರಸ್ತೆ ಕಾಣುತ್ತಿರಲಿಲ್ಲ, ಅಷ್ಟು ಹೊಗೆ. ಸಿಲಿಂಡರ್ ಬೋರ್ ಮಾಡಿಸಿದೆ, ಹೊಸ ಪಿಸ್ಟನ್ ಹಾಕಿದೆ, ಗೇರ್ ಬಾಕ್ಸಿನ ಎಣ್ಣೆ ಎಂಜಿನ್ನಿಗೆ ನುಗ್ಗದಂತೆ ಸೀಲ್ ಬದಲಿಸಿದೆ. ಕೊನೆಗೆ ಊದಿನಕಡ್ಡಿಯಷ್ಟೂ ಹೊಗೆ ಇಲ್ಲ. ನನಗೇ ನನ್ನ ಮೇಲೆ ಅಭಿಮಾನ ಬಂತು.

ಕೆಲವು ದಿನ ಬಿಟ್ಟು ಅವರು ಮತ್ತೆ ಬಂದರು. ಜೊತೆಗೆ ಅವರ ಅಕ್ಕಪಕ್ಕದ ಮನೆಯ ಇಬ್ಬರು ಹಿರಿಯರು.

"ಗಾಡಿ ಏನರ ತ್ರಾಸ ಕೊಡಾಕತ್ತೈತೇನ್ರಿ?" ಎಂದೆ.

"ಗಾಡಿ ಚಲೋ ಐತಿ. ಓಣಿ ಕೆಟ್ಟೈತಿ," ಎಂದರು ವ್ಯಾಪಾರಿ.

ವಿಷಯ ಇಷ್ಟು. ಅವರು ದಿನಾ ಸಂಜೆ ಬಾಗಿಲ ಮುಂದೆ ಗಾಡಿ ಚಾಲೂ ಮಾಡಿಟ್ಟು ಚಹಾ ಕುಡಿಯುತ್ತಿದ್ದರು. ಚಹಾ ಮುಗಿಯುವುದರೊಳಗೆ ಓಣಿಯ ಸೊಳ್ಳೆಗಳೆಲ್ಲ ಊರು ಬಿಡುತ್ತಿದ್ದವು. ನಾನು ರಿಪೇರಿ ಮಾಡಿದ ಮೇಲೆ ಎಲ್ಲವೂ ಸಂಸಾರ ಸಮೇತ ವಾಪಸು ಬಂದಿವೆ.

"ಮೊಮ್ಮಕ್ಕಳಿಗೆ ನಿದ್ದಿ ಇಲ್ರಿ. ಸ್ವಲ್ಪರ ಕೆಡಿಸಿ ಕೊಡ್ರಿ," ಎಂದರು ಒಬ್ಬ ಹಿರಿಯರು.

ಕೈಯಾರೆ ಕಟ್ಟಿದ ಎಂಜಿನ್ನನ್ನು ಕೆಡಿಸುವುದು ನನ್ನಿಂದ ಆಗುವುದಿಲ್ಲ ಎಂದೆ. ಇನ್ನೊಬ್ಬ ಹಿರಿಯರು ನನ್ನ ಭುಜದ ಮೇಲೆ ಕೈಯಿಟ್ಟು ಸಮಾಧಾನದಿಂದ ಹೇಳಿದರು: "ಪೂರಾ ಕೆಡಸಬ್ಯಾಡ್ರಿ ಪಾ. ಸಂಜಿ ಮುಂದ ಅಷ್ಟ ಕೆಡೂ ಹಂಗ ಮಾಡ್ರಿ."

ಎರಡನೆಯ ಗೇರು

ಮುಂಡರಗಿಯ ಅರಿವೆ ಅಂಗಡಿಯವರೊಬ್ಬರ ಗಾಡಿ ಕ್ಲಚ್ ಸುಟ್ಟುಕೊಂಡು ಬಂತು. ಬಿಚ್ಚಿ ನೋಡಿದರೆ ಗೇರನ್ನು ಆಚೀಚೆ ಸರಿಸುವ ಫೋರ್ಕೇ ಬಾಗಿಹೋಗಿದೆ. ಗಾಡಿ ಎರಡನೆಯ ಗೇರಿನಲ್ಲಿ ಸಿಕ್ಕಿಕೊಂಡು ಎಷ್ಟೋ ವರ್ಷವಾಗಿದೆ. ಅದೊಂದೇ ಗೇರಿನಲ್ಲಿ ಅವರು ಅಂಗಡಿಗೆ ಹೋಗಿದ್ದಾರೆ, ಗದಗಿಗೆ ಬಂದಿದ್ದಾರೆ, ಹೆಂಡತಿಯನ್ನು ತವರಿಗೆ ಬಿಟ್ಟು ಬಂದಿದ್ದಾರೆ.

ಹೊಸ ಫೋರ್ಕ್ ಹಾಕಿ, ನಾಲ್ಕೂ ಗೇರು ಬೆಣ್ಣೆಯಲ್ಲಿ ಚಾಕು ಆಡಿದಂತೆ ಬೀಳುವ ಹಾಗೆ ಮಾಡಿಕೊಟ್ಟೆ. ಒಂದು ಸುತ್ತು ಹಾಕಿ ಬರುತ್ತೇನೆಂದು ಹೋದವರು ಗಾಡಿ ನೂಕಿಕೊಂಡು ಬಂದರು. ಸ್ಟೂಲಿನ ಮೇಲೆ ಕುಳಿತು ನೀರು ಕುಡಿದರು.

"ಏನಾತ್ರಿ ಸಾವಕಾರ?"

"ಭಾಳ ಆತು."

"ಏನು ಭಾಳ ಆತ್ರಿ?"

"ಗೇರ್. ಮೊದಲ ಗಾಡಿ ಅಂದ್ರ ಬರೇ ಗಾಡಿ. ಈಗ ಯಾವುದ್ರಾಗ ಅದೀನಿ ಅಂತ ನೆನಪು ಇಟ್ಕೊಂಡು ಹೋಗಬೇಕು. ಮೂರನೇದ್ರಾಗ ಇದ್ದೆ, ನಾಕನೇದ್ರಾಗ ಅದೀನಿ ಅಂತ ತಿಳಿದಿದ್ದೆ. ಅಷ್ಟ್ರಾಗ ಎಮ್ಮಿ ಬಂತು. ಎಲ್ಲಾ ಮರತೆ."

ಒಂದೇ ಗೇರಿನಲ್ಲಿ ಓಡಿಸಿದ್ದಕ್ಕೇ ಕ್ಲಚ್ ಸುಟ್ಟದ್ದು, ನಾಲ್ಕೂ ಬಳಸಿದರೆ ಪೆಟ್ರೋಲೂ ಉಳಿಯುತ್ತದೆ ಎಂದು ತಿಳಿಸಿ ಹೇಳಿದೆ. ಅವರು ತಾಳ್ಮೆಯಿಂದ ಎಲ್ಲ ಕೇಳಿದರು.

"ನೀವು ಹೇಳೂದು ಖರೆ," ಎಂದರು. "ಆದ್ರ ನನಗ ಎರಡನೇದ ಒಂದ ಇಡ್ರಿ. ಉಳದ ಮೂರು ಯಾರರ ಬಡವರ ಗಾಡಿಗೆ ಹಾಕಿ ಕೊಡ್ರಿ, ಪುಣ್ಯಾ ಬರತೈತಿ."

ಒಲೆಯ ಮೇಲೆ

ಎಂಜಿನ್ನಿನ ಹೊರಕವಚದಲ್ಲಿ ಹೊಸ ಬೇರಿಂಗ್ ಕೂರಿಸುವಾಗ ಸುತ್ತಿಗೆ ಹಿಡಿಯಬಾರದು. ಕವಚವನ್ನು ಬಿಸಿ ಮಾಡಬೇಕು, ಬೇರಿಂಗನ್ನು ತಣ್ಣಗೆ ಇಡಬೇಕು. ಆಗ ಅದು ತಾನಾಗಿ ಒಳಗೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಫ್ರಿಜ್ಜಿನ ಬರ್ಫಿನ ಖಾನೆಯಲ್ಲಿ ಬೇರಿಂಗ್ ಇರುವುದು, ರೊಟ್ಟಿ ಹಂಚಿನ ಮೇಲೆ ಕವಚ ಇರುವುದು ಹೆಂಡತಿಗೆ ರೂಢಿಯಾಗಿದೆ. ಅವಳ ತಾಯಿಗೆ ಗೊತ್ತಿರಲಿಲ್ಲ.

ಅತ್ತೆ ಲಕ್ಕುಂಡಿಯಿಂದ ಬಂದಾಗ ಹೆಂಡತಿ ಸಂತೆಗೆ ಹೋಗಿದ್ದಳು. ನಾನು ಸಣ್ಣ ಉರಿಯ ಮೇಲೆ ಕವಚ ಇಟ್ಟು, ಹಿತ್ತಿಲಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದೆ. ಒಳಗೆ ಬಂದು ನೋಡಿದರೆ ಅತ್ತೆ ಕೈಕಾಲು ತೊಳೆದುಕೊಂಡು, ಸೆರಗು ಸಿಕ್ಕಿಸಿಕೊಂಡು, ಇಕ್ಕಳ ಹಿಡಿದು ಒಲೆಯ ಮುಂದೆ ನಿಂತಿದ್ದಾರೆ. ಮಗಳ ಮನೆಯಲ್ಲಿ ಏನು ಅಡುಗೆ ಎಂದು ಕೇಳುವುದು ಅವರ ಸ್ವಭಾವವಲ್ಲ. ಇದ್ದದ್ದನ್ನು ಸುಧಾರಿಸಿಕೊಂಡು ಹೋಗುವವರು.

"ಅಳಿಯಾರ, ನೀವು ಫೋನಿನ್ಯಾಗ ಇದ್ರಿ. ಒಂದ ಕಡಿ ಬೆಂದಿತ್ತು, ಹೊಳ್ಳಿಸಿ ಹಾಕೀನಿ," ಎಂದರು. "ಉಪ್ಪು ಮಾತ್ರ ಹಾಕಿಲ್ಲ. ನಿಮ್ಮ ಕಡಿ ಹೆಂಗ ತಿಂತಾರೋ ಏನೋ."

ಶಿರಹಟ್ಟಿಯ ಮದುಮಗ

ಶಿರಹಟ್ಟಿಯ ಒಬ್ಬ ಹುಡುಗನ ಲಗ್ನ ಗೊತ್ತಾಗಿತ್ತು. ಅವನ ಅಪ್ಪ ತನ್ನ ಲಗ್ನದಲ್ಲಿ ಮದುವಣಗಿತ್ತಿಯನ್ನು ಮನೆಗೆ ಕರೆತಂದದ್ದು ಒಂದು ಜಪಾನಿ ಟೂ-ಸ್ಟ್ರೋಕ್ ಗಾಡಿಯ ಮೇಲೆ. ತಾನೂ ಕಲ್ಯಾಣ ಮಂಟಪಕ್ಕೆ ಅದೇ ಗಾಡಿಯ ಮೇಲೆ ಹೋಗಬೇಕೆಂದು ಹುಡುಗನ ಹಟ. ಹೊಟ್ಟಿನ ಕೋಣೆಯಲ್ಲಿ ಬಿದ್ದಿದ್ದ ಗಾಡಿಯನ್ನು ತಂದು, ಎಂಜಿನ್ನು, ಗೇರ್ ಬಾಕ್ಸು ಎಲ್ಲ ಹೊಸದಾಗಿ ಕಟ್ಟಿಕೊಟ್ಟೆ. ಲಗ್ನಕ್ಕೆ ಕರೆದರು, ಹೋದೆ.

ಆ ದಿನ ಬೆಳಿಗ್ಗೆ ಹುಡುಗನ ಗೆಳೆಯನೊಬ್ಬ ಪಿಕಪ್ ಹೆಚ್ಚಾಗಲಿ ಎಂದು, ಮೊಬೈಲಿನಲ್ಲಿ ನೋಡಿ, ಕಿಡಿ ಹಾರುವ ಹೊತ್ತನ್ನು ಗೊತ್ತು ಮಾಡುವ ಪ್ಲೇಟನ್ನು, ಕಿಡಿ ಬೇಗ ಹಾರುವಂತೆ ತಿರುಗಿಸಿ ಇಟ್ಟಿದ್ದ. ಇದು ನನಗೆ ಆಮೇಲೆ ಗೊತ್ತಾಯಿತು.

ಮಂಟಪದ ಬಾಗಿಲಲ್ಲಿ ಹೆಣ್ಣಿನ ಕಡೆಯವರು ಆರತಿ ಹಿಡಿದು ನಿಂತಿದ್ದರು. ಸ್ವಲ್ಪ ದೂರದಲ್ಲಿ ಮದುಮಗ ಗಾಡಿ ಏರಿದ. ಹಿಂದೆ ಅವನ ಕಾಕಾ, ಮಾವಂದಿರು. ರೇಷ್ಮೆ ಧೋತರ ಸಿಕ್ಕೀತೆಂದು ಹುಡುಗ ಅರ್ಧ ಕಿಕ್ ಹೊಡೆದ. ಎಂಜಿನ್ನು ಒಮ್ಮೆ ಹಿಂದಕ್ಕೆ ಒದ್ದು ಚಾಲೂ ಆಯಿತು. ಆ ಒದೆತ ನೋಡಿ ನಾನು ಕೈ ಎತ್ತಿದೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ಯಾವ ಕಡೆ ತಿರುಗಿದರೂ ಅಷ್ಟೇ. ಹೀಗೆ ಒದ್ದು ಚಾಲೂ ಆದರೆ ಅದು ಉಲ್ಟಾ ತಿರುಗುತ್ತದೆ.

ಕೂಗಿ ಹೇಳುವಷ್ಟರಲ್ಲಿ ಹುಡುಗ ಗೇರ್ ಹಾಕಿ ಕ್ಲಚ್ ಬಿಟ್ಟ. ಗಾಡಿ ಹಿಂದಕ್ಕೆ ಹೋಯಿತು. ಕಾಕಾ, ಮಾವಂದಿರು ಚದುರಿದರು. ಗೇರ್ ತಪ್ಪಿರಬೇಕೆಂದು ಅವನು ಎರಡನೆಯದಕ್ಕೆ ಹಾಕಿದ. ಗಾಡಿ ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು.

ಹೆಣ್ಣಿನ ತಂದೆಯ ಮುಖ ಕಪ್ಪಾಯಿತು. ಬಾಗಿಲ ಸಮೀಪ ಬಂದಿದ್ದ ಅಳಿಯ ತಮ್ಮನ್ನೇ ನೋಡುತ್ತ ಹಿಂದೆ ಸರಿಯುತ್ತಿದ್ದಾನೆ.

"ಹುಡುಗಗ ಮನಸ್ಸಿಲ್ಲಂದ್ರ ಈಗ ಹೇಳ್ರಿ," ಎಂದರು ಬೀಗರಿಗೆ. ಮಾತಿಗೆ ಮಾತು ಬೆಳೆಯಿತು. ಆರತಿಯವರು ತಟ್ಟೆ ಕೆಳಗಿಟ್ಟರು.

"ಮಾವಾರ, ನನಗ ಮನಸೈತ್ರಿ," ಎಂದ ಹುಡುಗ ದೂರದಿಂದ. "ಗಾಡಿಗಿಲ್ಲ."

ನಾನು ಓಡಿಹೋಗಿ ಎಂಜಿನ್ ನಿಲ್ಲಿಸಿ, ಎಲ್ಲರಿಗೂ ಸಂಗತಿ ತಿಳಿಸಿದೆ. ನಾನೇ ಕಿಕ್ ಹೊಡೆದೆ, ಮತ್ತೆ ಉಲ್ಟಾ. ಕವರ್ ಬಿಚ್ಚೋಣವೆಂದರೆ ಸ್ಪ್ಯಾನರ್ ಎಲ್ಲ ಬೆಟಗೇರಿಯಲ್ಲಿ. ನಡೆದು ಬಾ ಎಂದರೆ ಹುಡುಗ ಒಲ್ಲೆ ಎಂದ. ಲಗ್ನ ಮಾಡಿಸುವ ಅಯ್ಯನವರು ಮುಹೂರ್ತ ಮೀರುತ್ತದೆ ಎಂದು ಅವಸರ ಮಾಡಿದರು.

ಆಗ ಹೆಣ್ಣಿನ ಅಜ್ಜಿ ಮುಂದೆ ಬಂದಳು. "ಗಾಡಿ ಹಿಂದ ಹೊಕ್ಕೈತಿ ಹೌದಿಲ್ಲೋ? ಹಂಗಾರ ಅದನ್ನ ಹೊಳ್ಳಿಸಿ ನಿಲ್ಲಸ್ರಿ."

ಯಾರಿಗೂ ಬೇರೆ ಉಪಾಯ ತೋಚಲಿಲ್ಲ. ಗಾಡಿಯ ಬಾಲವನ್ನು ಮಂಟಪದ ಕಡೆ ತಿರುಗಿಸಿದೆವು. ಬ್ಯಾಂಡು ಬಾರಿಸಿದರು. ನಾನು ಹಿಂದೆ ಕ್ಯಾರಿಯರ್ ಹಿಡಿದು "ಎಡಕ್ಕ, ಎಡಕ್ಕ, ಸಾಕು" ಎನ್ನುತ್ತಿದ್ದೆ. ಬಾಸಿಂಗ ಕಟ್ಟಿದ ಮದುಮಗ ಊರಿಗೆ ಮುಖ ಮಾಡಿಕೊಂಡು, ಮಂಟಪಕ್ಕೆ ಬೆನ್ನು ಮಾಡಿಕೊಂಡು, ಗಂಭೀರವಾಗಿ ಬಂದ. ಮೊದಲು ಬಂದದ್ದು ಹಿಂದಿನ ದೀಪ. ಹೆಣ್ಣುಮಕ್ಕಳು ಅದಕ್ಕೇ ಆರತಿ ಬೆಳಗಿದರು.

ಹೆಣ್ಣಿನ ತಂದೆ ಅಳಿಯನ ಬೆನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಬೀಗರ ಕೈ ಹಿಡಿದು ಹೇಳಿದರು:

"ಲಗ್ನ ಆದ ಮ್ಯಾಲೆ ಬೆನ್ನು ತೋರಿಸೋ ಅಳಿಯಂದಿರನ್ನ ಭಾಳ ಮಂದಿನ್ನ ನೋಡೀನ್ರಿ. ನಿಮ್ಮ ಹುಡುಗ ಪ್ರಾಮಾಣಿಕ ಅದಾನ. ಮೊದಲ ತೋರಿಸ್ಯಾನ."