ವಾಟ ತಪ್ಪಿದ ಪಟಿಂಗ್

ಮನುಷ್ಯನ ಏಳಿಗೆಗೂ ಅವನತಿಗೂ ನಡುವಿನ ಅಂತರ ಬಹಳ ಸಣ್ಣದು ಎಂದು ಹಿರಿಯರು ಹೇಳಿದ್ದಾರೆ. ಅವರು ಅಳತೆ ಕೊಟ್ಟಿಲ್ಲ. ನಾನು ಕೊಡಬಲ್ಲೆ. ಮೂರು ಅಡಿ.

ಸಂಡೂರಿನ ಗಣಿ ಮಾಲೀಕರೊಬ್ಬರು ಜೀವಮಾನವಿಡೀ ಭೂಮಿಗೆ ದೊಡ್ಡ ದೊಡ್ಡ ಗುಂಡಿ ತೋಡಿ ಬೇಸರ ಬಂದು, ಕೊನೆಗಾಲಕ್ಕೆ ಒಂಬತ್ತು ಸಣ್ಣ ಗುಂಡಿ ತೋಡಿಸಿ, ಸುತ್ತ ಹುಲ್ಲು ಬೆಳೆಸಿ, ಗಾಲ್ಫ್ ಮೈದಾನ ಎಂದು ಬೋರ್ಡು ಹಾಕಿದರು. ಹೊಸಪೇಟೆಯಲ್ಲಿ ಲಾರಿ ಬೇರಿಂಗ್ ಅಂಗಡಿ ಇಟ್ಟುಕೊಂಡಿರುವ ನಾನು ಅಲ್ಲಿಗೆ ಸೇರಿದ್ದು ಸಂಪೂರ್ಣ ಆತ್ಮವಿಶ್ವಾಸದಿಂದ. ಮೂವತ್ತು ವರ್ಷ ಉಕ್ಕಿನ ಗುಂಡುಗಳ ನಡುವೆಯೇ ಕುಳಿತವನು. ಉರುಳುವ ವಸ್ತುವಿನ ಬಗ್ಗೆ ನನಗೆ ಯಾರು ಪಾಠ ಹೇಳಬೇಕು?

ಗಾಲ್ಫಿನಲ್ಲಿ ಎರಡು ಭಾಗ. ದೂರದಿಂದ ಬೀಸಿ ಹೊಡೆಯುವುದು ಮೊದಲನೆಯದು. ಅದನ್ನು ಯಾರು ಬೇಕಾದರೂ ಮಾಡಬಹುದು. ಚೆಂಡು ಎಲ್ಲಿಗಾದರೂ ಹೋಗಿಯೇ ಹೋಗುತ್ತದೆ. ಗುಂಡಿಯ ಹತ್ತಿರ ಬಂದ ಮೇಲೆ ಮೆಲ್ಲಗೆ ತಳ್ಳಿ ಒಳಗೆ ಬೀಳಿಸುವುದು ಎರಡನೆಯದು. ಇದಕ್ಕೆ ಪಟಿಂಗ್ ಎಂದು ಹೆಸರು. ಕನ್ನಡದಲ್ಲಿ ಪಟಿಂಗ ಎಂದರೆ ಎಂಥವನೆಂದು ನಿಮಗೆ ಗೊತ್ತು. ಇಂಗ್ಲಿಷಿನವರಿಗೆ ಗೊತ್ತಿತ್ತೋ ಇಲ್ಲವೋ, ಹೆಸರು ಮಾತ್ರ ಸರಿಯಾಗಿಯೇ ಬಿದ್ದಿದೆ.

"ಐವತ್ತೆಂಟು ವರ್ಷಕ್ಕ ಪಟಿಂಗ್ ಕಲೀತಾರಂತ ನೋಡವ್ವ!" ಎಂದು ನನ್ನ ಹೆಂಡತಿ ಪಂಪಾವತಿ ಕಂಪ್ಲಿಯಲ್ಲಿರುವ ತನ್ನ ತಾಯಿಗೆ ಫೋನಿನಲ್ಲಿ ಹೇಳಿದಳು. ಅತ್ತೆಗೆ ಕಿವಿ ಸ್ವಲ್ಪ ಮಂದ.

"ಈಗ ಕಲಿಯಾದೇನೈತೆ? ಮೊದ್ಲಿಂದನೂ ಹಂಗ ಅದಾರಲ್ಲ!" ಎಂದರಂತೆ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯಬೇಕಾಗಿರಲಿಲ್ಲ. ಸಂಡೂರಿನಲ್ಲಿ ನನ್ನ ಷಡ್ಡಕ ಬಸವರಾಜ ಇದ್ದಾನೆ. ಪಂಪಾವತಿಯ ಅಕ್ಕನ ಗಂಡ. ನನಗಿಂತ ಎರಡು ವರ್ಷ ಚಿಕ್ಕವನು. ಆದರೂ ಅಕ್ಕನ ಗಂಡನೆಂಬ ಒಂದೇ ಅರ್ಹತೆಯ ಮೇಲೆ ಅವನು ಹಿರಿಯ ಅಳಿಯ. ನಾನು ಅವನನ್ನು ಬಸಣ್ಣ ಎನ್ನಬೇಕು. ದೀಪಾವಳಿಗೆ ಅಳಿಯಂದಿರೆಲ್ಲ ಕಂಪ್ಲಿಗೆ ಹೋದಾಗ ಪಂಕ್ತಿಯ ಮೊದಲನೇ ಎಲೆ ಅವನದು. ಎರಡನೆಯದು ನನ್ನದು. ಇಪ್ಪತ್ತೆಂಟು ದೀಪಾವಳಿಗಳಿಂದ ನಾನು ಎರಡನೇ ಎಲೆಯ ಮುಂದೆ ಕುಳಿತು, ತುಪ್ಪದ ಧಾರೆ ಮೊದಲು ಅವನ ಅನ್ನದ ಮೇಲೆ ಬೀಳುವುದನ್ನು ನೋಡಿದ್ದೇನೆ. ಪ್ರಪಂಚದಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯಗಳಿವೆ ಎಂದು ಕೇಳಿದ್ದೇನೆ. ನೋಡಿಲ್ಲ.

ಬಸವರಾಜನೂ ಅದೇ ಮೈದಾನದ ಸದಸ್ಯ. ಒಂದು ಭಾನುವಾರ ಕೈಯಳತೆಯ ದೂರದಲ್ಲಿದ್ದ ಗುಂಡಿಯನ್ನು ನಾನು ನಾಲ್ಕು ಸಲ ತಪ್ಪಿಸಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಕೊಟ್ರೇಶಿ, ನಿಂಗ ಗುಂಡಿ ಸಾಕಾಗಂಗಿಲ್ಲ. ಬಾವಿನ ತೋಡಿಸ್ಬೇಕು!"

ನನ್ನ ರಕ್ತ ಕುದಿಯಿತು. "ಬಸಣ್ಣ, ದೀಪಾವಳಿ ಮುಂಚಿನ ಭಾನುವಾರ ಒಂಬತ್ತು ಗುಂಡಿ ಆಡೋಣು. ಗೆದ್ದಾವಂಗ ಮೊದಲ್ನೇ ಎಲಿ!"

"ಸೋತಾವ?"

"ಸೊಂಟಕ್ಕ ಟವಲ್ ಕಟ್ಟಿ ಬಡಿಸ್ಬೇಕು!"

"ಆತು" ಎಂದ. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ.

ಅಂದಿನಿಂದ ನಮ್ಮ ಮನೆಯ ಪಡಸಾಲೆ ಅಭ್ಯಾಸದ ಕಣವಾಯಿತು. ಸ್ಟೀಲಿನ ಲೋಟವನ್ನು ಗೋಡೆಗೆ ತಾಗಿಸಿ ಮಲಗಿಸಿ ಮೂರು ಅಡಿ ದೂರದಿಂದ ಚೆಂಡು ತಳ್ಳಿದೆ. ಅದು ಎಡಕ್ಕೆ ತಿರುಗಿ ಬಾಗಿಲ ದಾರಿ ಹಿಡಿಯಿತು. ಎರಡನೆಯದೂ ಹೋಯಿತು. ಏಳನೆಯದು ಹೊಸ್ತಿಲು ದಾಟಿ ರಸ್ತೆಗೇ ಇಳಿಯಿತು. ಆಮೇಲೆ ಮರ್ಮ ಹೊಳೆಯಿತು. ಲೋಟವನ್ನು ನೋಡಲೇಬಾರದು, ಅದರ ಬಲಕ್ಕಿರುವ ಸೋಫಾದ ಕಾಲನ್ನು ನೋಡಿ ತಳ್ಳಬೇಕು! ಒಂದು ವಾರಕ್ಕೆ ಹತ್ತಕ್ಕೆ ಆರು. ಮೂರು ವಾರಕ್ಕೆ ಹತ್ತಕ್ಕೆ ಹತ್ತು! ಠಣ್! ಠಣ್! ದೇವಸ್ಥಾನದ ಗಂಟೆ ಕೂಡ ನನಗೆ ಅಷ್ಟು ಭಕ್ತಿ ತರಿಸಿರಲಿಲ್ಲ.

"ಏನ್ರೀ, ನೆಲಕ್ಕ ವಾಟ ಐತ್ರಿ" ಎಂದಳು ಪಂಪಾವತಿ. ವಾಟ ಎಂದರೆ ತೊಳೆದ ನೀರು ತಾನೇ ಹೊರಗೆ ಹರಿಯಲೆಂದು ನೆಲಕ್ಕೆ ಕೊಡುವ ಇಳಿಜಾರು. "ದಿನಾ ತೊಳಿಯಾಕಿ ನಾನು. ನೀರೂ ಬಾಗ್ಲಕ್ಕ ಹೋಗ್ತೈತಿ, ನಿಮ್ ಚೆಂಡೂ ಬಾಗ್ಲಕ್ಕ ಹೊಂಟೈತಿ. ಇದ್ರಾಗ ನಿಮ್ದೇನೈತಿ?"

"ಇದು ಮಣಿಕಟ್ಟಿನ ವಿದ್ಯೆ. ನಿಂಗ ತಿಳಿಯಂಗಿಲ್ಲ" ಎಂದು ಗಂಭೀರವಾಗಿ ತಿಳಿಸಿದೆ.

ಪಂದ್ಯಕ್ಕೆ ಒಂದು ವಾರ ಇದ್ದಾಗ ಮೈದಾನಕ್ಕೆ ಹೋಗಿ ನೋಡಿದೆ. ಮಣಿಕಟ್ಟು ಕಲಿತದ್ದನ್ನು ನಿಷ್ಠೆಯಿಂದ ಮಾಡಿತು. ಹತ್ತು ಚೆಂಡೂ ಗುಂಡಿಯ ಬಲಕ್ಕೆ ಹೋದವು. ನಾನು ಮೂರು ವಾರ ಕಲಿತದ್ದು ಗಾಲ್ಫ್ ಅಲ್ಲ, ನಮ್ಮ ಪಡಸಾಲೆ!

ಹೊಸಪೇಟೆಗೆ ಮರಳಿದವನೇ ನಮ್ಮ ಮನೆ ಕಟ್ಟಿದ ಹುಲುಗಪ್ಪ ಮೇಸ್ತ್ರಿಯನ್ನು ಕರೆಸಿದೆ.

"ಅಲ್ಲೋ ಹುಲುಗಪ್ಪ, ಪಡಸಾಲಿಗೆ ಯಾಕ ವಾಟ ಕೊಟ್ಟಿ?"

"ನೀವ ಹೇಳಿದ್ರಲ್ರಿ ಸಾವ್ಕಾರ್ರ, ನೀರು ನಿಂದರಬಾರ್ದು ಅಂತ." ಒಂದು ಕಣ್ಣು ಮುಚ್ಚಿ ನೆಲದ ಮಟ್ಟಕ್ಕೆ ಬಾಗಿ ನೋಡಿದ. "ಸೋಫಾ ಹತ್ರ ಒಂಚೂರು ಜಾಸ್ತಿ ಬಿದ್ದೈತ್ರಿ. ಅವತ್ತು ನಂಗ ಜ್ವರ ಇತ್ತು."

ಇದೇ ಕಣ್ಣು ನನಗೆ ಬೇಕಾಗಿದ್ದುದು! ಗಾಲ್ಫಿನಲ್ಲಿ ಚೀಲ ಹೊರಲು ಒಬ್ಬರನ್ನು ಕರೆತರಬಹುದು. ಅವರು ಚೆಂಡಿನ ದಾರಿಯನ್ನೂ ಹೇಳಬಹುದು. ಪಂದ್ಯದ ಬೆಳಿಗ್ಗೆ ನನ್ನ ಚೀಲ ಹೊತ್ತು ಸಂಡೂರಿನ ಹುಲ್ಲಿನ ಮೇಲೆ ಹುಲುಗಪ್ಪ ಮೇಸ್ತ್ರಿ ನಡೆದ.

ಅದೇನು ದಿನ! ಅದೇನು ಕಣ್ಣು! "ಬಲಕ್ಕ ಎರಡು ಬಟ್ಟು ಹಿಡೀರಿ." ಬಿತ್ತು! "ಎಡಕ್ಕ ಒಂದು ಗೇಣು." ಬಿತ್ತು! "ಸೀದಾ ಹೋಗ್ಲಿ, ಇಲ್ಲಿ ವಾಟ ಕೊಡೋದ ಮರತಾರ." ಬಿತ್ತು! ದೂರದ ಹೊಡೆತಗಳಲ್ಲಿ ನಾನು ಗುಡ್ಡಕ್ಕೆ ದಾನ ಮಾಡಿದ್ದನ್ನೆಲ್ಲ ಹುಲುಗಪ್ಪ ಗುಂಡಿಯ ಬಾಯಲ್ಲಿ ವಾಪಸು ತಂದುಕೊಟ್ಟ. ಕಡಿಮೆ ಹೊಡೆತದಲ್ಲಿ ಚೆಂಡು ಬೀಳಿಸಿದವನಿಗೆ ಆ ಗುಂಡಿ ಎಂಬುದು ಲೆಕ್ಕ. ಎಂಟು ಗುಂಡಿ ಮುಗಿದಾಗ ನಾಲ್ಕು ಬಸವರಾಜನವು, ನಾಲ್ಕು ನನ್ನವು. ಅವನ ನಗು ನಾಲ್ಕನೇ ಗುಂಡಿಯಲ್ಲೇ ನಿಂತಿತ್ತು.

ಒಂಬತ್ತನೆಯದಕ್ಕೆ ಬಸವರಾಜ ಏಳು ಹೊಡೆತ ತೆಗೆದುಕೊಂಡ. ನನ್ನದು ಐದಾಗಿತ್ತು, ಚೆಂಡು ಗುಂಡಿಯಿಂದ ಮೂರು ಅಡಿ ದೂರದಲ್ಲಿತ್ತು. ಆರನೆಯದಕ್ಕೆ ಬಿದ್ದರೆ ಮೊದಲನೇ ಎಲೆ! ತುಪ್ಪದ ವಾಸನೆ ನನ್ನ ಮೂಗಿಗೆ ಬಡಿಯಿತು.

ಹುಲುಗಪ್ಪ ಬೋರಲು ಮಲಗಿ ನೋಡಿದ. ಆ ಕಡೆಯಿಂದ ನೋಡಿದ. ತಲೆ ಆಡಿಸಿದ. "ಕಣ್ಣಿಗೆ ಸಿಗವಲ್ದ್ರಿ."

"ಕಣ್ಣಿಗೆ ಸಿಗದಿದ್ರ ನೀವು ಮೇಸ್ತ್ರಿಗಳು ಏನ್ ಮಾಡ್ತೀರಿ?"

"ನೀರು ಹಾಕಿ ನೋಡ್ತೀವ್ರಿ."

"ಹಾಕು ಮತ್ತ!"

"ಇಲ್ಲೇನ್ರಿ?"

"ಎಲಿ ಹೋಗ್ತೈತಲೇ, ಹಾಕು!"

ಹುಲುಗಪ್ಪ ಚೀಲದಿಂದ ನೀರಿನ ಬಾಟಲಿ ತೆಗೆದು ಪೂರ್ತಿ ಸುರಿದ. ನೀರು ಒಂದು ಗೇಣು ನೇರ ಹೋಗಿ ನಿಧಾನಕ್ಕೆ ಎಡಕ್ಕೆ ಹೊರಳಿತು.

"ವಾಟ ಎಡಕ್ಕೈತ್ರಿ! ಮೂರು ಬಟ್ಟು ಬಲಕ್ಕ ಹಿಡೀರಿ!"

ಹಿಡಿದೆ. ತಳ್ಳಿದೆ. ಚೆಂಡು ನೀರು ಸಿಡಿಸುತ್ತಾ ಹೋಗಿ, ಗುಂಡಿಯ ಅಂಚಿನಲ್ಲಿ ಒಂದು ಕ್ಷಣ ಯೋಚಿಸಿ, ಒಳಗೆ ಬಿತ್ತು! ಕೋಲು ಎಸೆದೆ. ಟೋಪಿ ಎಸೆದೆ. ಹುಲುಗಪ್ಪನನ್ನು ಎತ್ತಲು ಹೋದೆ, ಅವನೇ ನನ್ನನ್ನು ಎತ್ತಿದ. ಮೇಲಿನಿಂದಲೇ ಮನೆಗೆ ಫೋನು ಹಚ್ಚಿದೆ. "ಪಂಪಾ! ಮೊದಲ್ನೇ ಎಲಿ! ಕಂಪ್ಲಿಗೆ ಹೇಳು!"

ಬಸವರಾಜ ಕನ್ನಡಕ ಹಾಕಿಕೊಂಡು ಜೇಬಿನಿಂದ ನಿಯಮದ ಪುಸ್ತಕ ತೆಗೆದ.

"ಕೊಟ್ರೇಶಿ, ಹೊಡಿಯೋಕಿಂತ ಮೊದ್ಲು ಚೆಂಡಿನ ದಾರಿ ತಿದ್ದಬಾರ್ದು ಅಂತ ಬರದಾರ. ತಿದ್ದಿದ್ರ ಆ ಗುಂಡಿ ಎದ್ರಿನವಂದು."

"ತಿದ್ದಿಲ್ಲ ಬಸಣ್ಣ! ನೀರು ಹಾಕೀನಿ, ಅಷ್ಟ!"

"ಅಲ್ಲಿ ನೋಡು. ಭತ್ತ ಹಚ್ಚಾಕ ಬರ್ತೈತಿ."

ನೋಡಿದೆ. ಹಚ್ಚಬಹುದಿತ್ತು.

"ಹಾಕೋಕಿಂತ ಮೊದ್ಲ ಹೇಳಬಾರ್ದಿತ್ತೇನು?"

"ನೀರು ಹಾಕೂದು ನೋಡಿ ನಂಗ ಭಾಳ ಖುಷಿ ಆತು" ಎಂದ ಬಸವರಾಜ. "ಮಾತ ಹೊಂಡ್ಲಿಲ್ಲ."

ಹುಲುಗಪ್ಪ ನನ್ನನ್ನು ಕೆಳಗಿಳಿಸಿದ. "ವಾಟ ಮಾತ್ರ ಕರೆಕ್ಟ್ ಇತ್ತು ಬಿಡ್ರಿ" ಎಂದು ಸಮಾಧಾನ ಹೇಳಿದ.

ದೀಪಾವಳಿಯಂದು ಕಂಪ್ಲಿಯಲ್ಲಿ ಮೂರು ಪಂಕ್ತಿ ಊಟವಾಯಿತು. ಮೊದಲೆರಡಕ್ಕೆ ನಾನು ಬಡಿಸಿದೆ. ಮೂರನೆಯದರಲ್ಲಿ ಕುಳಿತೆ. ಹೋಳಿಗೆ ಮುಗಿದಿತ್ತು.