ರೈಲು ತಡವಾಗದ ದೇಶಕ್ಕೆ ನಾಲ್ಕು ಜನ

ಯುರೋಪಿನಲ್ಲಿ ರೈಲು ಒಂದು ನಿಮಿಷವೂ ತಡವಾಗುವುದಿಲ್ಲ. ಪಾಂಡವಪುರದಿಂದ ನಾಗಮಂಗಲದವರೆಗೆ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆ ಎಲ್ಲರಲ್ಲಿ ಅಲ್ಲಿನ ರೈಲು ಹತ್ತಿದವರು ಒಬ್ಬರೂ ಇರಲಿಲ್ಲ. ಹಾಗಾಗಿ ಭಿನ್ನಾಭಿಪ್ರಾಯಕ್ಕೂ ಅವಕಾಶವಿರಲಿಲ್ಲ.

ನಾನು ಪದವಿ ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಪಾಠ ಮಾಡುವವನು. ಈ ತಪ್ಪಿಗೆ ಯುರೋಪಿಗೆ ಸಂಬಂಧಪಟ್ಟ ಯಾವ ತಾಪತ್ರಯವಾದರೂ ನೇರ ನನ್ನ ಬಾಗಿಲಿಗೆ ಬರುತ್ತದೆ. ಅಲ್ಲಿನ ಕ್ರಾಂತಿ ಗೊತ್ತಿದ್ದವನಿಗೆ ಅಲ್ಲಿನ ರೈಲಿನ ಹೊತ್ತು ಗೊತ್ತಿರುವುದಿಲ್ಲವೇ ಎಂಬುದು ಜನರ ತರ್ಕ. ತರ್ಕಕ್ಕೆ ಉತ್ತರ ಹೇಳುವುದಕ್ಕಿಂತ ರೈಲು ಹುಡುಕುವುದು ಸುಲಭ. ಹಾಗೆ ಒಂದು ಹುಡುಕಲು ಹೋಗಿ ಇಷ್ಟೆಲ್ಲ ಆಯಿತು.

ಉಗುರಿನಷ್ಟು ದೂರ

ಕ್ಯಾತನಹಳ್ಳಿಯ ಡೈರಿ ಸೆಕ್ರೆಟರಿ ನನ್ನ ಜೊತೆ ಹೈಸ್ಕೂಲು ಓದಿದವನು. ಒಂದು ಭಾನುವಾರ ಪ್ರಪಂಚದ ನಕ್ಷೆಯನ್ನು ಸುರುಳಿ ಸುತ್ತಿಕೊಂಡು ಬಂದ. ಜೊತೆಗೆ ಶ್ರೀರಂಗಪಟ್ಟಣದ ಸಾಹೇಬರು. ಸಾಹೇಬರಿಗೆ ಎರಡು ಟೆಂಪೋ ಟ್ರಾವೆಲರ್ ಇವೆ. ಪ್ರವಾಸಿಗಳನ್ನು ಸುತ್ತಿಸುವುದು ಅವರ ಕಸುಬು. ಒಂದೇ ಹಗಲಿನಲ್ಲಿ ಬೇಸಿಗೆ ಅರಮನೆ, ಸಂಗಮ, ಬಲಮುರಿ, ಮೇಲುಕೋಟೆ ಎಲ್ಲ ಮುಗಿಸಿ ಜನರನ್ನು ಜೀವಸಹಿತ ವಾಪಸು ಬಿಡುತ್ತಾರೆ. ಇಳಿಸುವುದು, ಫೋಟೋ ಹೊಡೆಸುವುದು, ಹತ್ತಿಸುವುದು. ಯುರೋಪೂ ಅಷ್ಟೇ ಎಂದರು.

ಇಬ್ಬರೂ ಸೇರಿ ಊರು ಆರಿಸಿಯಾಗಿತ್ತು. ಲಂಡನ್, ಆಮ್‌ಸ್ಟರ್‌ಡ್ಯಾಂ, ಪ್ಯಾರಿಸ್, ಸ್ವಿಟ್ಜರ್ಲೆಂಡ್, ವೆನಿಸ್, ರೋಮ್, ವಿಯೆನ್ನಾ, ಮ್ಯೂನಿಕ್. ಎಲ್ಲವೂ ರೈಲಿನಲ್ಲಿ, ಎಲ್ಲವೂ ಹತ್ತು ಹನ್ನೆರಡು ದಿನದಲ್ಲಿ. ಸೆಕ್ರೆಟರಿ ನಕ್ಷೆ ಹಾಸಿ ಪ್ಯಾರಿಸ್ಸಿನ ಮೇಲೆ ಹೆಬ್ಬೆರಳಿಟ್ಟ. ಬೆರಳಿನ ಬುಡದಲ್ಲಿ ಪ್ಯಾರಿಸ್, ಉಗುರಿನ ತುದಿಗೆ ರೋಮ್. ಇಷ್ಟಕ್ಕೆ ಎಷ್ಟು ಹೊತ್ತು ಬೇಕು ಎಂದು ನನ್ನನ್ನೇ ಕೇಳಿದ.

ಹೋದ ವಾರ ಕ್ಯಾತನಹಳ್ಳಿಯಿಂದ ಕೆ.ಆರ್. ಪೇಟೆಗೆ ಹೋಗಲು ನಿನಗೆ ಎಷ್ಟು ಹೊತ್ತು ಹಿಡಿಯಿತು ಎಂದೆ. ಇಡೀ ದಿನ ಹಿಡಿದಿತ್ತು.

"ಅದು ಬ್ಯಾರೆ ಕಣ್ಲಾ ಮೇಷ್ಟ್ರೆ. ದಾರೀಲಿ ಬೀಗ್ರು ಸಿಕ್ಕುಬುಟ್ರು. ಯುರೋಪಲ್ಲಿ ನಮ್ಗೆ ಯಾವ ಬೀಗ್ರವ್ರೆ?"

ಅವನ ಇಡೀ ಯೋಜನೆಗೆ ಇದ್ದ ಏಕೈಕ ವೈಜ್ಞಾನಿಕ ಆಧಾರ ಇದು.

ಮೊದಲ ಬಳೆ

ಈ ಬೀಗರು ಬೂಕನಕೆರೆಯವರು. ಸೆಕ್ರೆಟರಿಯ ಮಗಳನ್ನು ಅಲ್ಲಿಗೆ ಕೊಟ್ಟಿದೆ. ವಿಮಾನದ ಟಿಕೆಟ್ ತೆಗೆದಾದ ಮೇಲೆ ಬೀಗರು ಆ ಹುಡುಗಿಯ ಸೀಮಂತಕ್ಕೆ ದಿನ ಇಟ್ಟರು. ನಾವು ವಾಪಸು ಬಂದಿಳಿಯುವ ಮಾರನೆಯ ದಿನವೇ. ಬಸುರಿಯ ಕೈಗೆ ಮೊದಲ ಬಳೆ ತೊಡಿಸಬೇಕಾದವಳು ಹೆತ್ತ ತಾಯಿ. ಅಂದರೆ ಸೆಕ್ರೆಟರಿಯ ಹೆಂಡತಿ, ನಮ್ಮ ಪ್ರವಾಸದ ನಾಲ್ಕನೆಯವರು. ನಾನು ಆಕೆಯನ್ನು ಅಕ್ಕ ಎನ್ನುತ್ತೇನೆ.

ಬೀಗಿತ್ತಿ ಫೋನು ಮಾಡಿ, ನೀವು ನಿಧಾನಕ್ಕೆ ದೇಶ ನೋಡ್ಕೊಂಡು ಬನ್ನಿ, ಬರೋಕಾಗದಿದ್ದರೆ ಮೊದಲ ಬಳೆ ನಾವೇ ತೊಡಿಸುತ್ತೇವೆ ಎಂದರಂತೆ. ಆ ಮಾತಿನಲ್ಲಿದ್ದ ಸೌಜನ್ಯಕ್ಕೆ ಅಕ್ಕ ಎರಡು ಹೊತ್ತು ಊಟ ಬಿಟ್ಟರು. ಮೂರನೆಯ ಹೊತ್ತಿಗೆ ನಮ್ಮ ಮನೆಗೆ ಬಂದರು.

"ಎಲ್ಲಿಗಾರ ಕರ್ಕೊಂಡೋಗು ಮೇಷ್ಟ್ರಪ್ಪ. ನನ್ ಮಗಳ ಕೈಗೆ ಮೊದ್ಲ ಬಳೆ ಆ ಹೆಂಗ್ಸು ಇಕ್ಬಾರ್ದು. ಅಷ್ಟೇಯ."

ಭಯ ಬೇಡ, ಅಲ್ಲಿ ರೈಲು ತಡವಾಗುವುದಿಲ್ಲ ಎಂದು ಸೆಕ್ರೆಟರಿ ಸಮಾಧಾನ ಹೇಳಿದ. ಹೌದು ಎಂದು ನಾನೂ ತಲೆಯಾಡಿಸಿದೆ. ನನ್ನ ಹೆಂಡತಿ ನಾವು ಬರೆದ ದಾರಿಯನ್ನು ಒಮ್ಮೆ ನೋಡಿ, ತಾನು ಮನೆಯಲ್ಲೇ ಇರುವುದಾಗಿ ತಿಳಿಸಿದಳು. ಯುರೋಪಿನ ಬಗ್ಗೆ ನಮ್ಮ ಮನೆಯಲ್ಲಿ ಆದ ಒಂದೇ ಸರಿಯಾದ ತೀರ್ಮಾನ ಅದು.

ತಾಲೀಮು

ವಾದ ಮಾಡಿ ಊರು ಕಡಿಮೆ ಮಾಡಿಸಲಾಗದು ಎಂದು ಗೊತ್ತಾದ ಮೇಲೆ ನಾನು ತಾಲೀಮು ಇಟ್ಟೆ. ಒಂದು ದಿನ, ಮೂರು ಊರು, ಪೂರ್ತಿ ಲಗೇಜಿನ ಸಮೇತ. ಶ್ರೀರಂಗಪಟ್ಟಣ ಪ್ಯಾರಿಸ್, ಹೊಸಹೊಳಲು ಸ್ವಿಟ್ಜರ್ಲೆಂಡ್, ನಾಗಮಂಗಲ ವೆನಿಸ್. ಸಂಜೆಗೆ ವೆನಿಸ್ ಮುಟ್ಟಿದರೆ ನೀವು ಹೇಳಿದ ಅಷ್ಟೂ ಊರಿಗೆ ನಾನು ಒಪ್ಪುತ್ತೇನೆ ಎಂದೆ.

ಬೆಳಿಗ್ಗೆ ಪಾಂಡವಪುರದಲ್ಲಿ ಪ್ಯಾಸೆಂಜರ್ ಹತ್ತಿ ಶ್ರೀರಂಗಪಟ್ಟಣದಲ್ಲಿ ಇಳಿದೆವು. ಸಾಹೇಬರು ಸ್ಟೇಷನ್ನಿಗೇ ಬಂದು ಕಾಯಬೇಕಿತ್ತು. ಬಂದಿದ್ದರು, ಆದರೆ ಕರೆದುಕೊಂಡು ಹೋಗಲು. ಮನೆ ಪಕ್ಕದಲ್ಲೇ, ಒಂದು ಚಾಯ್ ಅಷ್ಟೇ, ಬೇಗಂ ಬೇಜಾರು ಮಾಡ್ಕೋತಾಳೆ ಎಂದರು. ಚಾಯ್ ಹಿಂದೆ ಪರೋಟ ಬಂತು, ಪರೋಟದ ಹಿಂದೆ ಖೈಮಾ ಬಂತು. ಪ್ಯಾರಿಸ್ ಬಿಡುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು.

ಅಲ್ಲಿಂದ ಕೆ.ಆರ್. ಪೇಟೆ ಬಸ್ಸು. ಅದು ಬೂಕನಕೆರೆಯಲ್ಲಿ ನಿಲ್ಲುತ್ತದೆ ಎಂಬುದನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬೀಗರು ಸ್ಟಾಪಿನ ಅಂಗಡಿಯಲ್ಲೇ ಕೂತಿದ್ದರು. ಕಿಟಕಿಯಲ್ಲಿ ಸೆಕ್ರೆಟರಿಯ ಮುಖ ಕಂಡಿತು, ಮೇಲೆ ಸೂಟ್‌ಕೇಸುಗಳು ಕಂಡವು. ಕಂಡಕ್ಟರಿಗೆ ಕೈ ತೋರಿಸಿ ಬಸ್ಸು ಹಿಡಿದು ನಿಲ್ಲಿಸಿ, ಮೊದಲು ಸೂಟ್‌ಕೇಸು ಇಳಿಸಿಕೊಂಡರು. ಆಮೇಲೆ ನಾವು ಇಳಿಯದೆ ಬೇರೆ ದಾರಿ ಇರಲಿಲ್ಲ. ಇದು ಬರೀ ತಾಲೀಮು, ನಾವು ಸ್ವಿಟ್ಜರ್ಲೆಂಡಿಗೆ ಹೊರಟಿದ್ದೇವೆ ಎಂದು ಸೆಕ್ರೆಟರಿ ವಿವರಿಸಿದ. ಹೊಸಹೊಳಲು ಇಲ್ಲೇ ಅದೆ, ಎಲ್ಲೂ ಓಡೋಗಲ್ಲ ಎಂದರು ಬೀಗರು. ಅಷ್ಟೊಂದು ಪೆಟ್ಟಿಗೆ ತಂದ ನೆಂಟರನ್ನು ಬರೀ ಊಟಕ್ಕೆ ಕರೆದು ಕಳಿಸಿದರೆ ಊರಿನಲ್ಲಿ ಏನಂದುಕೊಳ್ಳುತ್ತಾರೆ ಎಂದು ಬೀಗಿತ್ತಿ ನಾಟಿಕೋಳಿ ಹಿಡಿಸಿದರು.

ಮಾರನೆಯ ದಿನ ಬೂಕನಕೆರೆಯ ಜಗಲಿಯ ಮೇಲೆ ಕೂತು ನಾನು ರೋಮ್, ವೆನಿಸ್, ವಿಯೆನ್ನಾ, ಆಮ್‌ಸ್ಟರ್‌ಡ್ಯಾಂ ಹೊಡೆದುಹಾಕಿದೆ. ಲಂಡನ್ನಿಗೆ ಬೇರೆ ವೀಸಾ ಬೇಕಾದ್ದರಿಂದ ಅದು ತಾನಾಗಿ ಹೋಯಿತು. ಉಳಿದದ್ದು ಪ್ಯಾರಿಸ್, ಸ್ವಿಟ್ಜರ್ಲೆಂಡಿನ ಲೂಸರ್ನ್, ಜರ್ಮನಿಯ ಮ್ಯೂನಿಕ್. ವಾಪಸು ವಿಮಾನ ಫ್ರಾಂಕ್‌ಫರ್ಟಿನಿಂದ. ರೈಲು ಬದಲಾಯಿಸುವ ಕಡೆಯೆಲ್ಲ ಒಂದೊಂದು ಗಂಟೆ ಬಿಡುವು ಇಟ್ಟೆ. ತಡವಾಗದ ರೈಲಿಗೆ ಬಿಡುವು ಯಾಕೆ ಎಂದು ಸೆಕ್ರೆಟರಿ ಕೇಳಿದ. ರೈಲಿನ ಮೇಲೆ ನನಗೆ ಅನುಮಾನವೇ ಇರಲಿಲ್ಲ. ಅನುಮಾನ ಇದ್ದದ್ದು ಹತ್ತುವವರ ಮೇಲೆ.

ಮುಂದಾಗಿ ಹೊರಟ ಚೀಲ

ಪ್ಯಾರಿಸ್ ಬಿಡುವ ದಿನ ನಮ್ಮ ರೈಲು ಸರಿಯಾಗಿ ರಾಹುಕಾಲದ ಮಧ್ಯಕ್ಕೆ ಬಿತ್ತು. ಅದನ್ನು ತಪ್ಪಿಸಿ ಮುಂದಿನ ರೈಲು ಹಿಡಿಯಬಹುದಿತ್ತು. ಆದರೆ ರಾಹುಕಾಲ ಹಗಲಿನ ಎಂಟನೆಯ ಒಂದು ಪಾಲು. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲವೇನೋ ಎಂಬಷ್ಟು ಉದ್ದದ ಹಗಲು. ನಮ್ಮೂರಿನಲ್ಲಿ ಒಂದೂವರೆ ಗಂಟೆಗೆ ಮುಗಿಯುವ ರಾಹು ಪ್ಯಾರಿಸ್ಸಿನಲ್ಲಿ ಎರಡು ಗಂಟೆ ಡ್ಯೂಟಿ ಮಾಡುತ್ತಾನೆ.

ಅಕ್ಕ ಪರಿಹಾರ ಕಂಡುಕೊಂಡಿದ್ದರು. ಪ್ರಸ್ಥಾನ ಇಡುವುದು. ಒಳ್ಳೆಯ ಹೊತ್ತಿನಲ್ಲಿ ಒಂದು ಚೀಲವನ್ನು ಹೊಸಿಲಾಚೆ ಇಟ್ಟರೆ ಅಲ್ಲಿಗೆ ನಾವು ಹೊರಟ ಹಾಗೆ. ಆಮೇಲೆ ಯಾವಾಗ ನಡೆದರೂ ದೋಷವಿಲ್ಲ. ಬೆಳಗ್ಗೆಯೇ ಹುಣಸೆ ತೊಕ್ಕು, ಚಟ್ನಿಪುಡಿ ಇದ್ದ ಕೈಚೀಲವನ್ನು ಹೋಟೆಲಿನ ಮುಂಬಾಗಿಲ ಹೊರಗೆ ಗೋಡೆಗೆ ಒರಗಿಸಿ, ಕೈಮುಗಿದು, ಒಳಗೆ ಬಂದು ತಿಂಡಿಗೆ ಕೂತರು.

ನಾವು ತಿಂಡಿ ಮುಗಿಸಿ ನೋಡಿದರೆ ಬಾಗಿಲ ಹೊರಗೆ ಯಾರನ್ನೂ ಓಡಾಡಲು ಬಿಡುತ್ತಿಲ್ಲ. ಕಾವಲಿನವನೊಬ್ಬ ಚೀಲದಿಂದ ದೂರ ನಿಂತು ಇದು ಯಾರದು ಎಂದು ಕೇಳುತ್ತಿದ್ದ. ಇಂಗ್ಲಿಷ್ ಬರುವವನು ನಾನು, ಮುಂದೆ ಹೋದೆ. ಚೀಲ ನಮ್ಮದೇ, ಅದು ಆಗಲೇ ಹೊರಟಾಗಿದೆ, ಇನ್ನು ಸ್ವಲ್ಪ ಹೊತ್ತಿಗೆ ನಾವೂ ಹೊರಡುತ್ತೇವೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಪ್ಯಾರಿಸ್ಸಿನಲ್ಲಿ ಕಾವಲಿನವನಿಗೆ ಹೇಳಬಾರದ ವಾಕ್ಯ ಒಂದಿದ್ದರೆ ಅದು ಇದೇ. ಇನ್ನೂ ಮೂವರು ಬಂದರು.

ಸಾಹೇಬರ ಟವಲು

ಸ್ವಿಟ್ಜರ್ಲೆಂಡಿನ ರೈಲಿನಲ್ಲಿ ಸೀಟು ಕಾಯ್ದಿರಿಸುವ ಪದ್ಧತಿ ಕಡಿಮೆ, ಖಾಲಿ ಇದ್ದಲ್ಲಿ ಕೂರಬಹುದು ಎಂದು ನಾನು ಹೇಳಿದ್ದೇ ತಪ್ಪಾಯಿತು. ಸಾಹೇಬರು ರೈಲು ನಿಲ್ಲುವ ಮೊದಲೇ ಟವಲು ಕೈಗೆ ತೆಗೆದುಕೊಂಡರು. ಕಿಟಕಿಯಿಂದ ಎಸೆಯೋಣವೆಂದರೆ ಕಿಟಕಿ ತೆರೆಯುವಂಥದಲ್ಲ. ಬಾಗಿಲಿನಿಂದ ನುಗ್ಗಿ ಒಂದು ಸೀಟಿಗೆ ಟವಲು, ಒಂದಕ್ಕೆ ಟೋಪಿ, ಒಂದಕ್ಕೆ ಕರವಸ್ತ್ರ, ಇನ್ನೊಂದಕ್ಕೆ ಸೆಕ್ರೆಟರಿಯ ಸ್ವೆಟರು ಹಾಕಿದರು. ಅಲ್ಲಿಗೆ ನಮ್ಮ ನಾಲ್ಕೂ ಆಯಿತು. ಕಸುಬಿನ ಅಭ್ಯಾಸ, ಕಾಲುಚೀಲ ಬಿಚ್ಚಿ ಇನ್ನೆರಡು ಹಿಡಿದರು.

ಹತ್ತಿದವರು ಕಾಲುಚೀಲ ನೋಡಿದರು, ಸಾಹೇಬರನ್ನು ನೋಡಿದರು, ನಸುನಕ್ಕು ಮುಂದೆ ಹೋಗಿ ನಿಂತುಕೊಂಡರು. ಒಬ್ಬರೂ ಕೇಳಲಿಲ್ಲ. ಬಟ್ಟೆ ಎತ್ತಿ ಎಸೆಯಲಿಲ್ಲ. ಇದೇನು ನಿಮ್ಮಪ್ಪನ ರೈಲಾ ಎನ್ನಲಿಲ್ಲ. ಸಾಹೇಬರು ಕಾಲುಚೀಲ ಎತ್ತಿ ಒಂದೊಂದಾಗಿ ವಾಪಸು ಹಾಕಿಕೊಂಡರು. ಕಿಟಕಿಯಾಚೆ ಸರೋವರ, ಹಿಮದ ಬೆಟ್ಟ ಹಾದುಹೋದವು, ತಲೆಯೆತ್ತಲಿಲ್ಲ.

"ಜಗಳನೇ ಇಲ್ಲ ಅಂದ್ಮೇಲೆ ಸೀಟು ಸಿಕ್ಕಿ ಏನು ಮಜಾ ಸಾಬ್?" ಎಂದರು ಕೊನೆಗೆ.

ಎಲ್ಲಿಗೆ

ಅಕ್ಕ ಸೀಮಂತಕ್ಕೆ ಸರಿಯಾದ ಹೊತ್ತಿಗೆ ಬಂದರು, ಮೊದಲ ಬಳೆ ಅವರೇ ತೊಡಿಸಿದರು. ಅಷ್ಟು ದೂರದಿಂದ ಒಂದು ದಿನವೂ ಹೆಚ್ಚುಕಮ್ಮಿಯಾಗದೆ ಬಂದದ್ದಕ್ಕೆ ಅಲ್ಲಿನ ರೈಲಿನ ಶಿಸ್ತೇ ಕಾರಣ ಎಂದು ಬೂಕನಕೆರೆಯಲ್ಲಿ ಈಗಲೂ ಹೇಳುತ್ತಾರೆ. ನಾನು ತಿದ್ದಲು ಹೋಗಿಲ್ಲ. ನಡೆದದ್ದು ಇಷ್ಟು.

ಮ್ಯೂನಿಕ್ಕಿನಿಂದ ಫ್ರಾಂಕ್‌ಫರ್ಟಿನ ವಿಮಾನ ನಿಲ್ದಾಣಕ್ಕೆ ನಾನು ಆರಿಸಿದ್ದು ಬೆಳಗಿನ ಮೊದಲ ರೈಲು. ತಡವಾಗದ ದೇಶದಲ್ಲಿ ಅಷ್ಟು ಮುಂಚೆ ಹೋಗಿ ಯಾರನ್ನು ಕಾಯುವುದು ಎಂದು ಮೂವರೂ ಒಂದಾದರು. ಅದರ ನಂತರದ ರೈಲಿಗೆ ಟಿಕೆಟ್ ಆಯಿತು. ಆ ಟಿಕೆಟ್ ಆ ರೈಲಿಗೆ ಮಾತ್ರ. ಅದು ತಪ್ಪಿದರೆ ವಿಮಾನ ತಪ್ಪಿತು, ವಿಮಾನ ತಪ್ಪಿದರೆ ಬಳೆ ಬೀಗಿತ್ತಿಯ ಕೈಗೆ ಹೋಯಿತು.

ಆ ದಿನ ಎಲ್ಲವೂ ಸಲೀಸಾಗಿತ್ತು. ಯಾರೂ ಏನೂ ಮರೆಯಲಿಲ್ಲ. ಸ್ಟೇಷನ್ನಿನ ಬಾಗಿಲು ದಾಟಿ, ಲಗೇಜು ಎಳೆದುಕೊಂಡು ನಮ್ಮ ಪ್ಲಾಟ್‌ಫಾರ್ಮಿನ ಕಡೆ ತಿರುಗಿದೆವು. ಆಗ ಸಮವಸ್ತ್ರದ ಒಬ್ಬ ಮುದುಕ, ನಮ್ಮ ಪೆಟ್ಟಿಗೆಗಳನ್ನು ನೋಡಿ ಪಾಪ ಸಹಾಯ ಮಾಡೋಣವೆಂದು ಮುಂದೆ ಬಂದು, ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದ.

ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಆ ಪ್ರವಾಸದಲ್ಲಿ ಪ್ರತಿ ಟಿಕೆಟ್ ಕಿಟಕಿಯಲ್ಲೂ ಕೇಳಿ ಕೇಳಿ ಅಷ್ಟು ಅರ್ಥವಾಗುತ್ತಿತ್ತು. ಎತ್ತಿದ ಕಾಲು ಅಲ್ಲೇ ನಿಂತಿತು. ನಮ್ಮಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಿಬಿಟ್ಟರೆ ಹೊಸಿಲ ಒಳಕ್ಕೆ ವಾಪಸು ಹೋಗಿ, ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು.

ರೈಲು ಹೊರಡಲು ಕೆಲವೇ ನಿಮಿಷ ಇದೆ ಎಂದೆ. ಇದೆಲ್ಲ ಬಿಟ್ಟುಬಿಡು ಎಂದು ಸೆಕ್ರೆಟರಿಯೂ ಕೈಮುಗಿದ.

"ಮಗಳ ಸೀಮಂತಕ್ಕೆ ಓಯ್ತಾ ಇವ್ನಿ. ಎಲ್ಲಿಗೆ ಅನ್ನಿಸ್ಕೊಂಡು ಓಗಿ ಬಳೆ ಇಕ್ಕಾದಾ? ರೈಲು ಓದ್ರೆ ಓಯ್ತದೆ ಬುಡು."

ಅಲ್ಲಿ ಹೊಸಿಲು ಎಲ್ಲಿದೆ? ಸ್ಟೇಷನ್ನಿನ ಮುಂಬಾಗಿಲೇ ಹೊಸಿಲು, ಹೊರಗಿನ ಬೀದಿಯೇ ಮನೆ ಎಂದು ಅಕ್ಕ ತೀರ್ಮಾನಿಸಿದರು. ಪೆಟ್ಟಿಗೆಗಳನ್ನೆಲ್ಲ ಎಳೆದುಕೊಂಡು ಹೊರಗೆ ಹೋದೆವು. ಅಕ್ಕ ಸೂಟ್‌ಕೇಸಿನ ಮೇಲೆ ಕೂತರು. ಬಾಟಲಿಯ ಮುಚ್ಚಳ ಬರಲಿಲ್ಲ. ಸಾಹೇಬರು ಹಲ್ಲಿನಲ್ಲಿ ಕಚ್ಚಿ ತೆಗೆದುಕೊಟ್ಟರು. ಅಕ್ಕ ಅವಸರವಿಲ್ಲದೆ ನೀರು ಕುಡಿದರು. ನಮಗೂ ಕುಡಿಸಿದರು. ಸೆಕ್ರೆಟರಿ ಬೀಗಿತ್ತಿಗೆ ಹೇಳಬೇಕಾದ ಮಾತನ್ನು ಬಾಯಲ್ಲೇ ಅಭ್ಯಾಸ ಮಾಡುತ್ತಿದ್ದ. ಅಕ್ಕ ಎದ್ದು, ಸೆರಗು ಸರಿಮಾಡಿಕೊಂಡು, ಬಲಗಾಲಿಟ್ಟು ಒಳಗೆ ಬಂದರು. ಆ ಸಮವಸ್ತ್ರದ ಮುದುಕ ಮತ್ತೆ ನಮ್ಮ ಕಡೆ ಬರುತ್ತಿದ್ದ. ಸಾಹೇಬರು ಓಡಿಹೋಗಿ, ಅವನು ಬಾಯಿ ತೆರೆಯದ ಹಾಗೆ ಎರಡೂ ಕೈ ಹಿಡಿದು ಕುಲುಕುತ್ತಾ ನಿಂತರು.

ಸ್ಟೇಷನ್ನಿನ ದೊಡ್ಡ ಗಡಿಯಾರದಲ್ಲಿ ನಮ್ಮ ರೈಲಿನ ಹೊತ್ತು ದಾಟಿಹೋಗಿತ್ತು. ಇನ್ನು ಓಡಿ ಪ್ರಯೋಜನವಿಲ್ಲ ಎಂದು ನಡೆದೇ ಪ್ಲಾಟ್‌ಫಾರ್ಮಿಗೆ ಹೋದೆವು. ಅಲ್ಲಿ ಜನ ಪೆಟ್ಟಿಗೆ ಇಟ್ಟುಕೊಂಡು ಸಾಲಾಗಿ ನಿಂತು, ಎಲ್ಲರೂ ಒಂದೇ ಕಡೆ ಕತ್ತು ಚಾಚಿ ನೋಡುತ್ತಿದ್ದರು.

ನಮ್ಮ ರೈಲು ಇನ್ನೂ ಬಂದೇ ಇರಲಿಲ್ಲ.