ನೀಲಗಿರಿ ತೋಪಿನ ದನಿ

ದೆವ್ವ ಭೂತಗಳಲ್ಲಿ ನನಗೆ ನಂಬಿಕೆಯಿಲ್ಲ. ಈ ಮಾತನ್ನು ಯಾವ ಸಭೆಯಲ್ಲಾದರೂ ಎದೆ ತಟ್ಟಿ ಹೇಳಬಲ್ಲೆ, ಸಭೆ ಹಗಲು ಹೊತ್ತಿನಲ್ಲಿದ್ದರೆ. ಹೊತ್ತು ಮುಳುಗಿದ ಮೇಲೆ ನನ್ನ ವೈಚಾರಿಕತೆ ಸ್ವಲ್ಪ ಸಡಿಲವಾಗುತ್ತದೆ. ಹಿತ್ತಿಲಿಗೆ ಹೋಗುವಾಗ ಕಾರಣವಿಲ್ಲದೆ ಕೆಮ್ಮುತ್ತೇನೆ. ಇಂಥ ನಾನು ಎಂಬತ್ತರ ದಶಕದ ಕೊನೆಯಲ್ಲೊಂದು ಸಂಜೆ ಆರ್.ಟಿ. ನಗರದ ಮನೆ ಬಿಟ್ಟು, ಹೆಂಡತಿಯೊಡನೆ ಅಮೃತಹಳ್ಳಿಯಾಚೆಯ ಪಾಳು ಕೋಳಿ ಶೆಡ್ಡಿಗೆ ಹೋದದ್ದು ಮಗಳ ದೆಸೆಯಿಂದ. ವೀಣಾ ಎಂದು ಹೆಸರಿಟ್ಟರೆ ಅವಳು ಗಿಟಾರ್ ಹಿಡಿದು, ಕಾಲೇಜಿನ ಗೆಳೆಯರ ಜೊತೆ ಬ್ಯಾಂಡ್ ಕಟ್ಟಿದ್ದಳು. ಅದಕ್ಕೆ ಪಂಕ್ ಅನ್ನುತ್ತಾರಂತೆ. ಶ್ರುತಿ ಬೇಕಿಲ್ಲ, ಸಿಟ್ಟಿದ್ದರೆ ಸಾಕಂತೆ. ಎಷ್ಟೋ ಜಗಳಗಳ ನಂತರ ಅವಳೇ, "ಒಂದ್ಸಲ ಬಂದು ಕೇಳಿ ಅಪ್ಪ. ಬೇಡ ಅಂದ್ರೆ ಗಿಟಾರ್ ಬಿಟ್ಬಿಡ್ತೀನಿ, ಮತ್ತೆ ಹಾಡಲ್ಲ" ಅಂದಿದ್ದಳು. ಕೊಟ್ಟ ಮಾತಿಗೆ ತಪ್ಪುವ ಹುಡುಗಿಯಲ್ಲ. ಬೇಡ ಅನ್ನುವುದನ್ನು ನಾನು ಬಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡೆ.

ಶೆಡ್ಡನ್ನು ಹುಡುಗರೇ ಗುಡಿಸಿ, ಸುಣ್ಣ ಬಳಿದು, ಬಲ್ಬು ಕಟ್ಟಿದ್ದರು. ಎಷ್ಟು ಬಳಿದರೂ ಕೋಳಿವಾಸನೆ ಹೋಗಿರಲಿಲ್ಲ. ಯಾರು ಬೇಕಾದರೂ ಬರಬಹುದು. ಡ್ರಮ್ ಬಾರಿಸುವವನ ಅಜ್ಜಿ ಎಲೆಅಡಿಕೆಯ ಸಮೇತ ಮುಂದೆಯೇ ಕೂತಿದ್ದರು. ಮೊದಲ ಬ್ಯಾಂಡು ಶುರುವಾಯಿತು. ಆಗಲೇ ನನ್ನ ಮೈ ಸಣ್ಣಗೆ ಜುಮ್ಮೆಂದದ್ದು. ಹುಡುಗರು ಕತ್ತಿನ ನರ ಉಬ್ಬಿಸಿ ಕಿರುಚುತ್ತಿದ್ದಾರೆ, ಗಿಟಾರನ್ನು ಕಿತ್ತು ಬಿಸಾಡುವಂತೆ ಮೀಟುತ್ತಿದ್ದಾರೆ, ಆದರೆ ಡ್ರಮ್ಮಿನ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿಲ್ಲ! ಮಂಕು ಬೆಳಕಿನಲ್ಲಿ ತೆರೆದ ಬಾಯಿಗಳಷ್ಟೇ ಕಾಣುತ್ತಿವೆ. ಸುತ್ತಲಿನವರು ನೋಡಿದರೆ ತಲೆ ಕುಣಿಸುತ್ತಿದ್ದಾರೆ. ಕಿವಿಯಲ್ಲಿ ಬೆರಳಾಡಿಸಿಕೊಂಡು ಹೆಂಡತಿಯನ್ನು ಕೇಳಿದೆ. "ನಂಗೂ ಕೇಳಿಸ್ತಿಲ್ಲ ಕಣ್ರೀ, ಇದು ಹಿಂಗೇ ಇರುತ್ತೇನೋ" ಅಂದಳು.

ಮೊದಲ ಬ್ಯಾಂಡು ಮುಗಿದ ಮೇಲೆ, ವೀಣಾಳ ಸರದಿ ಬರುವುದರೊಳಗೆ ಒಂದು ಸಿಗರೇಟು ಸೇದೋಣವೆಂದು ಹೊರಬಿದ್ದು, ದೂರದ ನೀಲಗಿರಿ ತೋಪಿನವರೆಗೂ ನಡೆದೆ. ಕತ್ತಲೆಯಲ್ಲಿ ಬೋಳು ಕಾಂಡಗಳು ಬೆಳ್ಳಗೆ ನಿಂತಿದ್ದವು. ಗಾಳಿಯಿಲ್ಲ, ಆದರೂ ಮೇಲೆಲ್ಲೋ ಏನೋ ಗೊರಗುಟ್ಟುತ್ತಿತ್ತು. ಕಡ್ಡಿ ಗೀರಿದೆ. ಮೇಲಿನಿಂದ, ಹೆಣ್ಣಿನದೋ ಗಂಡಿನದೋ ತಿಳಿಯದ ಒಡಕು ದನಿ ಅರಚಿತು: "ಬಾಯ್ಮುಚ್ಚು!" ನಾನು ಬಾಯಿ ತೆರೆದಿರಲೇ ಇಲ್ಲ. "ಯಾರನ್ ಕೇಳಿ ಬಂದೆ ಹೊರಗೆ? ಒಳಗ್ ಹೋಗು!" ತೋಪೆಲ್ಲ ಒಟ್ಟಿಗೆ ಗದರಿದಂತಾಯಿತು. ವೈಚಾರಿಕತೆಯನ್ನೂ ಒಂದು ಚಪ್ಪಲಿಯನ್ನೂ ಅಲ್ಲೇ ಬಿಟ್ಟು, ಹೇಳಿದ ಮಾತು ಕೇಳುವ ಮಗುವಿನಂತೆ ಓಡಿದೆ.

ಶೆಡ್ಡಿನ ಬಾಗಿಲಲ್ಲಿ ಮೈಕ್‌ಸೆಟ್ಟಿನ ಖಾದರ್ ಭಾಯ್ ಆಂಪ್ಲಿಫೈಯರ್ ಪಕ್ಕ ಕೂತು ಟೀ ಕುಡಿಯುತ್ತಿದ್ದರು. "ತೋಪಲ್ಲಿ ಯಾರೋ..." ಎಂದು ತೊದಲಿದೆ.

"ನಮ್ದೇ ಹಾರ್ನ್ ಸ್ಪೀಕರು ಸಾರ್. ಎರಡೂ ಅಲ್ಲೇ ಮರಕ್ಕೆ ಕಟ್ಟಿದೀನಿ, ಊರ್ ಕಡೆ ಮುಖ ಮಾಡಿ."

"ಮತ್ತೆ ಶೆಡ್ ಒಳಗೆ?"

ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಮದುವೆ ಆಗ್ಲಿ, ಉರುಸ್ ಆಗ್ಲಿ, ಗಣೇಶ ಆಗ್ಲಿ, ಯಾವಾಗ್ಲೂ ಹಂಗೇ ಸಾರ್. ಒಳಗಿರೋರಿಗೆ ಹೆಂಗೂ ಕಾಣ್ಸುತ್ತಲ್ಲ, ಊರೋರಿಗೆ ಕೇಳಿಸ್ಬೇಕಲ್ಲ!"

ನಗುತ್ತಾ ಒಳಗೆ ಇಣುಕಿದೆ. ಬಲ್ಬಿನ ಕೆಳಗೆ ನಿಂತಿದ್ದವಳು ವೀಣಾ. ಶಬ್ದವಿಲ್ಲದ ಅವಳ ತುಟಿಗಳು "ಒಳಗ್ ಹೋಗು" ಅನ್ನುತ್ತಿದ್ದವು. ಅದೇ ಹೊತ್ತಿಗೆ ದೂರದ ತೋಪಿನಿಂದ ಆ ದನಿ ತೇಲಿ ಬಂತು. ಮನೆಯಲ್ಲಿ ನಾನು ಅವಳನ್ನು ಬೈಯುವ ಮಾತೇ, ಗದರುವ ಧಾಟಿಯೂ ನನ್ನದೇ. ಬೈಯುವ ಮುಂಚೆ ನಾನು ಗಂಟಲು ಸರಿಮಾಡಿಕೊಳ್ಳುವುದನ್ನೂ ಅವಳು ಬಿಟ್ಟಿರಲಿಲ್ಲ. ಕತ್ತಲಲ್ಲಿ ಹುಟ್ಟಿದ ನಡುಕ ಬೆಳಕಿಗೆ ಬಂದ ಮೇಲೆ ಹೆಚ್ಚಾಯಿತು. ನಾಚಿಕೆಯೂ ಆಯಿತು.

ಹಾಡು ಮುಗಿಸಿ, ಬೆವರೊರೆಸಿಕೊಳ್ಳುತ್ತಾ ನೇರ ನನ್ನ ಬಳಿ ಬಂದಳು. ಮುಖ ಬಿಳಿಚಿಕೊಂಡಿತ್ತು. "ಏನಪ್ಪಾ, ಬಿಟ್ಬಿಡ್ಲಾ?"

ಬಸ್ಸಿನಲ್ಲಿ ಅಭ್ಯಾಸ ಮಾಡಿದ್ದು ನಾಲಿಗೆಗೆ ಬರಲೇ ಇಲ್ಲ. "ಹಾಡು ಕಣಮ್ಮಾ" ಅಂದೆ. ಅವಳು ಗೆಳೆಯರ ಕಡೆ ಓಡಿದಳು.

ವಾಪಸು ಬರುವಾಗ ಒಂಟಿ ಚಪ್ಪಲಿಯ ಕಾಲನ್ನು ಸೀಟಿನಡಿ ಬಚ್ಚಿಟ್ಟುಕೊಂಡು, ತೋಪಿನಲ್ಲಿ ನನ್ನದೇ ಗದರಿಕೆ ಕೇಳಿ ಜೀವವೇ ಹೋದಂತಾಯಿತೆಂದು ಹೆಂಡತಿಗೆ ಹೇಳಿದೆ. ಅವಳು ಸೆರಗು ಹೊದ್ದುಕೊಳ್ಳುತ್ತಾ ಕನಿಕರದಿಂದಲೇ ಅಂದಳು: "ಪಾಪ, ನೀವು ಇವತ್ತೇ ಮೊದ್ಲು ಕೇಳಿದ್ದಲ್ವಾ."